ಬೆವರು ಹರಿದರೆ ಕೊಬ್ಬು ಕರಗುತ್ತಾ?

ದುಬೈ, ಶಾರ್ಜಾ ಕಡೆಯ ಕ್ಯಾಂಪುಗಳಲ್ಲಿ ಬೇಸಿಗೆ ಬಂತೆಂದರೆ ಈ ಮಾತು ಇದ್ದದ್ದೇ: "ದಿನಾ ಬನಿಯನ್ ಹಿಂಡುವಷ್ಟು ಬೆವರು ಹೋಗುತ್ತೆ, ಹೊಟ್ಟೆ ಮಾತ್ರ ಇಳಿಯಲ್ಲ ನೋಡಪ್ಪ." ಇಳಿಯೋದಿಲ್ಲ, ನಿಜ. ಬೆವರು ಅಂದ್ರೆ ನೀರು, ಉಪ್ಪು, ಅಷ್ಟೇ. ಡ್ಯೂಟಿ ಮುಗಿಸಿ ಬಂದಾಗ ತೂಕದ ಮಷೀನು ಒಂದು ಕಿಲೋ ಕಡಿಮೆ ತೋರಿಸಿದರೆ ಅದು ನೀರಿನ ತೂಕ. ಕುಡಿದ ಮೇಲೆ ವಾಪಸ್ ಬರುತ್ತೆ, ಬರಲೇಬೇಕು.

ಕೊಬ್ಬು ದೇಹದ ಉಳಿತಾಯ ಖಾತೆ ಇದ್ದಂತೆ. ತಿಂದದ್ದು ಖರ್ಚಿಗಿಂತ ಹೆಚ್ಚಾದರೆ ಜಮಾ ಆಗುತ್ತೆ. ಕಡಿಮೆ ಬಿದ್ದಾಗ ಮಾತ್ರ ಅಲ್ಲಿಂದ ತೆಗೆಯುತ್ತೆ. ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೆ ಲೆಕ್ಕದ ಪ್ರಕಾರ ಹದಿನೈದು ದಿನಕ್ಕೆ ಒಂದು ಕಿಲೋ. ಆದರೆ ಮೈ ಇಳಿದಂತೆ ಅದರ ಖರ್ಚೂ ಇಳಿಯುತ್ತೆ, ಹಾಗಾಗಿ ಬರುಬರುತ್ತಾ ನಿಧಾನ. ಕರಗಿದ ಕೊಬ್ಬು ಹೋಗೋದೆಲ್ಲಿಗೆ? 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಇದನ್ನೂ ಲೆಕ್ಕ ಹಾಕಿದ್ದಾರೆ. 10 ಕಿಲೋ ಕೊಬ್ಬು ಕರಗಿದರೆ 8.4 ಕಿಲೋ ಉಸಿರಿನ ಗಾಳಿಯಾಗಿ ಹೊರಗೆ ಹೋಗುತ್ತೆ, ಉಳಿದ 1.6 ಕಿಲೋ ನೀರಾಗುತ್ತೆ.

ಆ 500 ಕ್ಯಾಲೊರಿಗಾಗಿ ಅನ್ನ ಬಿಡಬೇಕಾಗಿಲ್ಲ. 330 ಮಿಲಿಯ ಒಂದು ಕೋಲಾ ಡಬ್ಬಿಯಲ್ಲಿ ಸುಮಾರು 140 ಕ್ಯಾಲೊರಿ. ಊಟದ ಚಮಚದಲ್ಲಿ ಒಂದು ಚಮಚ ಎಣ್ಣೆ 120. ದಿನಕ್ಕೆ ಎರಡು ಕೋಲಾ ಬಿಟ್ಟು, ನಿಮ್ಮ ಪಾಲಿನ ಸಾರಿಗೆ ಎರಡು ಚಮಚ ಎಣ್ಣೆ ಕಡಿಮೆ ಮಾಡಿದರೆ 520 ಆಯ್ತು! ಕೆಫೆಟೇರಿಯಾದ ಕರಕ್ ಚಾಯ್ ಲೆಕ್ಕ ಬೇರೆ. ಅದರ ಹಾಲು, ಸಕ್ಕರೆಯನ್ನು ಯಾರೂ ಊಟ ಅಂತ ಎಣಿಸೋದೇ ಇಲ್ಲ. ಮೊಟ್ಟೆ, ಬೇಳೆ, ಮೀನು ಮಾತ್ರ ಬಿಡಬೇಡಿ. ಬಿಟ್ಟರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತೆ, ನಮಗೆ ಕೂಲಿ ತರೋದು ಅದೇ.

ಕೆಲವರು ಬೇಗ ಇಳಿಯಲಿ ಅಂತ ಬೆಳಗಿನ ತಿಂಡಿ ಬಿಟ್ಟು, ನೀರೂ ಕಡಿಮೆ ಮಾಡಿ, ಶರ್ಟಿನೊಳಗೆ ಪ್ಲಾಸ್ಟಿಕ್ ಸುತ್ತಿಕೊಂಡು ಸೈಟಿಗೆ ಹೋಗ್ತಾರೆ. ಇದು ಶುದ್ಧ ಹುಚ್ಚಾಟ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ನಿಲ್ಲಿಸೋದು ಸುಮ್ಮನೆ ಅಲ್ಲ. ಬಿಸಿಲಾಘಾತ ಜೀವ ತೆಗೆಯುತ್ತೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳೋರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಲೇಬಾರದು. ಸಕ್ಕರೆ ಕುಸಿದು ಸ್ಕ್ಯಾಫೋಲ್ಡಿಂಗ್ ಮೇಲೆ ಕಣ್ಣು ಕತ್ತಲೆ ಬಂದರೆ ಗತಿ ಏನು?

ತೂಕ ನೋಡೋದು ವಾರಕ್ಕೊಮ್ಮೆ ಸಾಕು. ರಜೆಯ ದಿನ ಬೆಳಿಗ್ಗೆ, ತಿಂಡಿಗೆ ಮುಂಚೆ. ಮಷೀನು ಇಲ್ಲದಿದ್ದರೆ ಬೆಲ್ಟಿನ ತೂತು ನೋಡಿಕೊಳ್ಳಿ, ಸಂಜೆಯ ಬೆವರಿಗೆ ಅದು ಬದಲಾಗಲ್ಲ.