ಎಗ್ಮೋರ್: ಒಂದು ಗೇಣಿನ ಎತ್ತರ

ಚೆನ್ನೈಯವರು ಫುಟ್‌ಪಾತಿಗೆ ಪ್ಲಾಟ್‌ಫಾರಂ ಅನ್ನುತ್ತಾರೆ. ಬರಹದ ತಮಿಳಿನಲ್ಲಿ ಅದು ನಡೈಪಾದೈ. ಆದರೆ ಆಟೊದವರಿಗೆ, ಹೂ ಕಟ್ಟುವವರಿಗೆ, ದಾರಿ ಹೇಳುವವರಿಗೆ ಅದು ಪ್ಲಾಟ್‌ಫಾರಮ್ಮೇ. ಎಗ್ಮೋರಿನಲ್ಲಿ ಈ ಮಾತು ಕೇಳಿದವರಿಗೆ ಸ್ವಲ್ಪ ಗೊಂದಲವಾಗುತ್ತದೆ, ಯಾಕೆಂದರೆ ರೈಲಿನ ಪ್ಲಾಟ್‌ಫಾರಂ ಕೂಡ ಅಲ್ಲೇ ಪಕ್ಕದಲ್ಲಿದೆ. ನನಗೂ ನನ್ನ ಗೆಳೆಯನಿಗೂ ಆ ದಿನ ಎರಡೂ ಪ್ಲಾಟ್‌ಫಾರಮ್ಮುಗಳನ್ನು ನೋಡಬೇಕಿತ್ತು.

ಗೆಳೆಯ ಸಾಗರದ ಕಡೆಯವನು. ಕೊನೆ ಕೊಯ್ಲಿನ ಹೊತ್ತಿನಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಮಲೆನಾಡಿನಲ್ಲಿ ಹೀಗೆ ವೀಲ್‌ಚೇರ್ ಸೇರಿದವರ ಕತೆ ಮನೆಮನೆಗೂ ಗೊತ್ತು. ಈಗ ಚೆನ್ನೈಯಲ್ಲಿ ಲೆಕ್ಕಪತ್ರದ ಕೆಲಸ. ಗಾಲಿಯನ್ನು ತಾನೇ ತಿರುಗಿಸುತ್ತಾನೆ, ಹಿಂದಿನಿಂದ ಯಾರಾದರೂ ಕೇಳದೆ ತಳ್ಳಿದರೆ ಅವನಿಗೆ ಸಿಟ್ಟು ಬರುತ್ತದೆ. ಸಿಟ್ಟು ಬರಬೇಕಾದ್ದೇ.

ಸೆಂಟ್ರಲ್‌ನಿಂದ ಎಗ್ಮೋರಿಗೆ ಮೆಟ್ರೊದಲ್ಲಿ ಒಂದೇ ನಿಲ್ದಾಣ. 2018ರ ಮೇ 25ರಂದು ಶುರುವಾದ ಸುರಂಗಮಾರ್ಗ ಅದು. ಬಾಗಿಲು ತೆರೆದಾಗ ಬೋಗಿಯ ನೆಲ, ಹೊರಗಿನ ನೆಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಲಿಫ್ಟಿನವರೆಗೆ ಕಣ್ಣು ಕಾಣದವರಿಗೆ ದಾರಿ ತೋರುವ ಉಬ್ಬುಹಂಚುಗಳ ಸಾಲು ಇತ್ತು. ನೆಲದಡಿಯಲ್ಲಿ ಇದ್ದಷ್ಟು ಹೊತ್ತು ಅವನೇ ಮುಂದೆ, ನಾನು ಹಿಂದೆ. ಲಿಫ್ಟು ನಮ್ಮನ್ನು ಬಿಸಿಲಿಗೆ ತಂದು ಬಿಟ್ಟಾಗ ಅವನು ಚಕ್ರದ ಮೇಲೆ ಕೈಯಿಟ್ಟು ನಿಂತ. "ಇಲ್ಲಿಂದ ಮುಂದೆ ನೀನು ಬೇಕು ಮಾರಾಯ" ಅಂದ.

ಎದುರಿಗೆ ಎಗ್ಮೋರ್ ನಿಲ್ದಾಣದ ಕೆಂಪು ಬಿಳಿ ಕಟ್ಟಡ, ಮೇಲೆ ಗುಮ್ಮಟಗಳು. 1908ರ ಜೂನ್ 11ರಂದು ತೆರೆದದ್ದು. ಇದರ ವಿನ್ಯಾಸ ಮಾಡಿದ ಹೆನ್ರಿ ಇರ್ವಿನ್ ನಮಗೆ ಪರಕೀಯನಲ್ಲ, ಮೈಸೂರಿನ ಅಂಬಾವಿಲಾಸ ಅರಮನೆಯ ವಾಸ್ತುಶಿಲ್ಪಿ ಅವನೇ. ಕಟ್ಟಿಸಿದ ಗುತ್ತಿಗೆದಾರ ಸಾಮಿನಾದ ಪಿಳ್ಳೆ ಬೆಂಗಳೂರಿನವರು. ವಾಹನ ನೇರವಾಗಿ ಪ್ಲಾಟ್‌ಫಾರಮ್ಮಿನ ಮಗ್ಗುಲಿಗೇ ಬಂದು ನಿಲ್ಲುವ ವ್ಯವಸ್ಥೆಗೆ ಈ ನಿಲ್ದಾಣ ಮೊದಲಿನಿಂದಲೂ ಹೆಸರುವಾಸಿ. ಗಾಡಿಯಲ್ಲಿ ಬರುವವರು ಮೆಟ್ಟಿಲು ಹತ್ತಿ ದಣಿಯಬಾರದೆಂದು ನೂರು ವರ್ಷದ ಹಿಂದೆ ಯಾರೋ ರಸ್ತೆಯ ಮಟ್ಟವನ್ನೂ ಪ್ಲಾಟ್‌ಫಾರಮ್ಮಿನ ಮಟ್ಟವನ್ನೂ ಕೂಡಿಸಿ ಯೋಚಿಸಿದ್ದಾರೆ. ಅದು ಅನುಕೂಲಸ್ಥರಿಗಾಗಿ ಮಾಡಿದ್ದು, ನಿಜ. ಆದರೂ ಮಟ್ಟ ಕೂಡಿಸುವ ವಿದ್ಯೆ ಈ ಊರಿಗೆ ಆಗಲೇ ಗೊತ್ತಿತ್ತು. 2022ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾದ ಮರುನಿರ್ಮಾಣದ ಕೆಲಸದಲ್ಲಿ ಆ ವಿದ್ಯೆ ಕಳೆದುಹೋಗದಿರಲಿ.

ಗಾಂಧಿ–ಇರ್ವಿನ್ ರಸ್ತೆಗೆ ಬಂದೆವು. ಲಾಡ್ಜುಗಳು, ಹೋಟೆಲುಗಳು, ಬಸ್ ಟಿಕೆಟ್ಟಿನ ಅಂಗಡಿಗಳು, ಸೂಟ್‌ಕೇಸು ಎಳೆಯುವ ಜನ. ಫುಟ್‌ಪಾತು ಇದೆ. ಅದರ ಅಂಚುಕಲ್ಲಿನ ಬಳಿ ಗೆಳೆಯ ಕೈಚಾಚಿ ಅಳೆದ: ಹೆಬ್ಬೆರಳು ನೆಲದಲ್ಲಿ, ಕಿರುಬೆರಳು ಮೇಲೆ. ಒಂದು ಗೇಣು ತುಂಬಿತು. ಪಾದಚಾರಿ ಮಾರ್ಗಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಹೇಳುವ ಗರಿಷ್ಠ ಎತ್ತರ 150 ಮಿಲಿಮೀಟರ್, ಅಂದರೆ ಆರು ಅಂಗುಲ. ನಡೆಯಲು ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್. ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಲೆಕ್ಕ: ಒಂದು ಅಂಗುಲ ಏರಲು ಹನ್ನೆರಡು ಅಂಗುಲ ಉದ್ದ ಬೇಕು. ಆರು ಅಂಗುಲದ ಫುಟ್‌ಪಾತಿಗೆ ಆರು ಅಡಿಯ ಇಳಿಜಾರು ಸಾಕು. ಒಂದು ಗೇಣಾದರೆ ಒಂಬತ್ತು ಅಡಿ, ಅಷ್ಟು ಜಾಗ ಎಲ್ಲಿದೆ? ಹಾಗಾಗಿ ಯಾರೋ ಸಿಮೆಂಟು ಮೆತ್ತಿ ಎರಡಡಿಯಲ್ಲಿ ಮುಗಿಸಿಬಿಡುತ್ತಾರೆ. ಆ ಕಡಿದಾದ ಇಳಿಜಾರಿನಲ್ಲಿ ವೀಲ್‌ಚೇರ್ ಹಿಂದಕ್ಕೆ ಮಗುಚುತ್ತದೆ. ಇಂಥದ್ದೊಂದನ್ನು ಹತ್ತುವಾಗ ನಾನು ಅವನ ಬೆನ್ನಿಗೆ ಮೊಣಕಾಲು ಕೊಟ್ಟು ನಿಲ್ಲಬೇಕಾಯಿತು.

ಎತ್ತರ ಯಾಕೆ ಹೆಚ್ಚು? ಚೆನ್ನೈಯ ಎಷ್ಟೋ ಕಡೆ ಫುಟ್‌ಪಾತು ಎಂಬುದು ಮಳೆನೀರಿನ ಚರಂಡಿಯ ಮುಚ್ಚಳ. ಮುಚ್ಚಳ ಎಷ್ಟು ಮೇಲಿರಬೇಕು ಎಂಬುದನ್ನು ನೀರಿನ ಹರಿವು ತೀರ್ಮಾನಿಸಿರುತ್ತದೆ, ನಡೆಯುವ ಕಾಲು ಅಲ್ಲ. ಐಪ್ಪಸಿ–ಕಾರ್ತಿಕೈ ತಿಂಗಳ ಮಳೆ ಕಂಡವರು ಚರಂಡಿ ಬೇಡ ಎನ್ನಲಾರರು. ಆದರೆ ಚರಂಡಿಯ ನಕ್ಷೆ ಬರೆಯುವಾಗಲೇ ಅದರ ಮೇಲೆ ಜನ ಓಡಾಡುತ್ತಾರೆ ಎಂದು ನೆನೆದರೆ ಒಂದು ಗೇಣು ಆರು ಅಂಗುಲಕ್ಕೆ ಇಳಿಯುತ್ತದೆ.

ಹತ್ತಿದ ಮೇಲೆ ಹದಿನೈದು ಮಾರು ಸಲೀಸಾಗಿ ಹೋದೆವು. ಆಮೇಲೆ ಪಿಲ್ಲರ್ ಬಾಕ್ಸ್. ಊರಿನ ಬೀದಿಬೀದಿಯಲ್ಲಿ ಸೊಂಟದೆತ್ತರಕ್ಕೆ ನಿಂತಿರುವ ಕರೆಂಟಿನ ಪೆಟ್ಟಿಗೆ. ಪಕ್ಕದಲ್ಲಿ ಒರಗಿಸಿದ ಸ್ಕೂಟರು. ಇಳಿದು ರಸ್ತೆಗೆ ಬರಬೇಕು, ಇಳಿಯಲು ಇಳಿಜಾರಿಲ್ಲ, ಹತ್ತಿದಲ್ಲಿಗೇ ವಾಪಸು. ಮತ್ತೊಂದು ಕಡೆ ಬೈಕು ಹತ್ತದಂತೆ ನೆಟ್ಟ ಗೂಟಗಳು. ಬೈಕನ್ನು ತಡೆಯುವಷ್ಟು ಹತ್ತಿರ ನೆಟ್ಟರೆ ವೀಲ್‌ಚೇರನ್ನೂ ತಡೆದಂತೆಯೇ. ಕನಿಷ್ಠ 90 ಸೆಂಟಿಮೀಟರ್ ಬಿಟ್ಟಿದ್ದರೆ ಅವನು ನುಸುಳುತ್ತಿದ್ದ.

ಎಲ್ಲ ಕಡೆಯೂ ಹೀಗಿಲ್ಲ ಎಂಬುದನ್ನೂ ಹೇಳಬೇಕು. 2014ರಲ್ಲಿ ಚೆನ್ನೈ ಮಹಾನಗರ ಪಾಲಿಕೆ ನಡೆಯುವವರಿಗೂ ಸೈಕಲ್ಲಿನವರಿಗೂ ಆದ್ಯತೆ ಕೊಡುವ ಸಾರಿಗೆ ನೀತಿಯನ್ನು ಒಪ್ಪಿಕೊಂಡಿತು. ಇಂಥ ನೀತಿ ತಂದ ದೇಶದ ಮೊದಲ ನಗರ ಇದು ಎಂದು ಹೆಸರಾಯಿತು. ಪಾಲಿಕೆಯ ಸಾರಿಗೆ ಹಣದಲ್ಲಿ ಕನಿಷ್ಠ ಶೇ 60ರಷ್ಟನ್ನು ಇದಕ್ಕೇ ಇಡಬೇಕೆಂಬುದು ಅದರ ಗುರಿ. ಆ ಬಳಿಕ ನಗರದಲ್ಲಿ ಹಲವು ರಸ್ತೆಗಳ ಫುಟ್‌ಪಾತು ಹೊಸದಾಯಿತು. ಅಂಥ ಒಂದು ತುಂಡು ಸಿಕ್ಕಿದಾಗ ಗೆಳೆಯ ವೇಗ ಹೆಚ್ಚಿಸಿದ, ನಾನು ಓಡುನಡಿಗೆಯಲ್ಲಿ ಹಿಂಬಾಲಿಸಿದೆ. ಆ ಒಂದೆರಡು ನಿಮಿಷ ಅವನ ಮುಖ ನೋಡಬೇಕಿತ್ತು. ಅಷ್ಟರಲ್ಲಿ ಒಂದು ಗೇಟು ಬಂತು, ಕಾರು ಒಳಹೋಗಲೆಂದು ಫುಟ್‌ಪಾತನ್ನು ಕತ್ತರಿಸಿದ್ದರು.

ಪ್ಯಾಂಥಿಯನ್ ರಸ್ತೆಯುದ್ದಕ್ಕೂ ಇದೇ ಲೆಕ್ಕ. 1851ರ ಸರ್ಕಾರಿ ವಸ್ತುಸಂಗ್ರಹಾಲಯ, 1896ರಲ್ಲಿ ತೆರೆದ ಕನ್ನಿಮರ ಗ್ರಂಥಾಲಯ ಇರುವ ರಸ್ತೆ. ಆವರಣಗಳು ದೊಡ್ಡವು, ಗೇಟುಗಳು ಹಲವು. ಗೇಟಿಗೊಂದು ಇಳಿತ, ಇಳಿತದಾಚೆ ಮತ್ತೊಂದು ಏರು. ಸರಿಯಾದ ರೀತಿ ಇದರ ತಿರುಗುಮುರುಗು: ಫುಟ್‌ಪಾತು ಒಂದೇ ಮಟ್ಟದಲ್ಲಿ ಹೋಗಬೇಕು, ಗೇಟಿಗೆ ತಿರುಗುವ ಕಾರು ಹತ್ತಿ ಇಳಿಯಬೇಕು. ಕಾರಿಗೆ ಎಂಜಿನ್ ಇದೆ, ಇವನಿಗೆ ಇರುವುದು ಎರಡು ತೋಳು. ಎಂಟನೆಯ ಗೇಟಿನ ನಂತರ ಅವನು ಫುಟ್‌ಪಾತನ್ನು ಬಿಟ್ಟು ಬಸ್ಸುಗಳ ನಡುವೆ ರಸ್ತೆಯಲ್ಲೇ ಹೊರಟ. ನಾನು ಅವನ ಬಲಕ್ಕೆ ನಡೆದೆ, ಬಸ್ಸಿಗೂ ಅವನಿಗೂ ನಡುವೆ.

ನೆರಳಿನಲ್ಲಿ ಚಹಾ ಕುಡಿಯುವಾಗ ಅವನು ಕಾನೂನಿನ ಮಾತೆತ್ತಿದ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ದೃಷ್ಟಿಯಿಲ್ಲದ ರಾಜೀವ್ ರತೂರಿ 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದಿತು. 2025ರ ಮೇ 14ರಂದು ಇನ್ನೊಂದು ಮೊಕದ್ದಮೆಯಲ್ಲಿ, ಅಡೆತಡೆಯಿಲ್ಲದ ಫುಟ್‌ಪಾತು ಬದುಕುವ ಹಕ್ಕಿನ ಭಾಗ ಎಂದಿತು. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ 11.79 ಲಕ್ಷ, ನಮ್ಮ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರು. ಅವನಿಗೆ ಪೆಟ್ಟಾದದ್ದು ಆ ಎಣಿಕೆಯ ನಂತರ. ಅದರಲ್ಲಿ ಅವನು ಇಲ್ಲ.

ಆಮೇಲೆ ಮರೀನಾದ ಕತೆ ಹೇಳಿದ. 2022ರ ನವೆಂಬರ್ 27ರಂದು ಮರಳಿನ ಮೇಲೆ 263 ಮೀಟರ್ ಉದ್ದದ ಮರದ ಹಾದಿ ತೆರೆಯಿತು. ಅಂಗವಿಕಲರು ವರ್ಷಗಟ್ಟಲೆ ಕೇಳಿ ಪಡೆದದ್ದು. ಎರಡೇ ವಾರದಲ್ಲಿ ಮಾಂಡೂಸ್ ಚಂಡಮಾರುತ ಅದನ್ನು ಮುರಿಯಿತು, ಮತ್ತೆ ಸರಿಮಾಡಿದರು. ಮೊದಲ ಸಲ ಹೋದಾಗ ಅವನು ಕತ್ತಲಾಗುವವರೆಗೂ ಅಲ್ಲೇ ಇದ್ದನಂತೆ. "ನೀರಿನ ಸದ್ದು ಇಷ್ಟು ಹತ್ತಿರ ಕೇಳಿ ಆರು ವರ್ಷವಾಗಿತ್ತು" ಅಂದ.

ಕೊನೆಗೆ ರುಕ್ಮಿಣಿ ಲಕ್ಷ್ಮೀಪತಿ ಸಾಲೈ. 1819ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಣ್ಣಾಸ್ಪತ್ರೆ ಇರುವ ರಸ್ತೆ. ಜಗತ್ತಿನ ಅತಿ ಹಳೆಯ ಕಣ್ಣಾಸ್ಪತ್ರೆಗಳಲ್ಲಿ ಒಂದು. ದೇಶದ ಮೊದಲ ನೇತ್ರ ಬ್ಯಾಂಕ್ 1945ರಲ್ಲಿ ಶುರುವಾದದ್ದು ಇಲ್ಲೇ. ಹೆರಿಗೆ ಆಸ್ಪತ್ರೆ, ಮಕ್ಕಳ ಆಸ್ಪತ್ರೆಗಳೂ ಎಗ್ಮೋರಿನಲ್ಲೇ ಇವೆ. ಕಣ್ಣಿಗೆ ಪಟ್ಟಿ ಕಟ್ಟಿದವರು, ದಿನ ತುಂಬಿದ ಬಸುರಿಯರು, ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡ ಮಕ್ಕಳು ನಿತ್ಯ ನಡೆಯುವ ಬೀದಿಗಳಿವು. ಇಡೀ ಚೆನ್ನೈಯಲ್ಲಿ ಎಲ್ಲಾದರೂ ಒಂದು ಕಡೆ ಮೊದಲು ಫುಟ್‌ಪಾತು ಸರಿಯಾಗಬೇಕಿದ್ದರೆ ಅದು ಇಲ್ಲಿ.

ಉಬ್ಬುಹಂಚು ಹುಟ್ಟಿದ್ದೂ ಇಂಥ ಬೀದಿಯಲ್ಲೇ. ಜಪಾನಿನ ಸೇಇಚಿ ಮಿಯಾಕೆ ರೂಪಿಸಿದ ಆ ಹಂಚನ್ನು 1967ರ ಮಾರ್ಚ್ 18ರಂದು ಒಕಾಯಾಮಾದಲ್ಲಿ, ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲು ಹಾಸಿದರು. ಗೆರೆಯಿದ್ದರೆ ನಡೆ, ಚುಕ್ಕೆಯಿದ್ದರೆ ನಿಲ್ಲು. ಅಂಗಾಲು ಓದುವ ಲಿಪಿ ಅದು. ನಾವು ಆ ದಿನ ಕಂಡ ಗೆರೆಗಳ ಸಾಲೊಂದು ಸೀದಾ ಒಂದು ಕಂಬದ ಬುಡಕ್ಕೆ ಹೋಗಿ ನಿಂತಿತ್ತು.

ಅಲ್ಲೇ ಗೋಡೆ ಹಿಡಿದು ನಿಂತ ಅಜ್ಜಿಯೊಬ್ಬರು ಕನ್ನಡದಲ್ಲಿ ಮಗಳನ್ನು ಗದರುತ್ತಿದ್ದರು. ಹೊಸೂರು ಹತ್ತಿರ ತಳಿಯವರು. ಎಡಗಣ್ಣಿಗೆ ಬಿಳಿ ಪಟ್ಟಿ. ನಾವು ಮಾತಾಡಿಸಿದ್ದೇ ಅವರಿಗೆ ಧೈರ್ಯ ಬಂತು. "ಒಂದು ಕಣ್ಣು ಕಟ್ಟಿದ್ರೆ ಆಳ ಗೊತ್ತಾಗಾಕಿಲ್ಲ ಕಣಪ್ಪಾ. ಮೆಟ್ಟಿಲು ಐತೋ ಬರೀ ಗೆರೆ ಐತೋ ತಿಳಿಯಾಕಿಲ್ಲ. ಈಗ ಅಲ್ಲಿ ಎಡವಿದೆ" ಎಂದು ಅಂಚುಕಲ್ಲನ್ನು ತೋರಿಸಿದರು. ಅವರೂ ಎಗ್ಮೋರ್ ನಿಲ್ದಾಣದ ಕಡೆಗೇ ಹೋಗಬೇಕಿತ್ತು.

"ನನ್ನ ಹಿಂದೇನೇ ಬನ್ನಿ ಅಜ್ಜಿ" ಅಂದ ಗೆಳೆಯ. "ನಾನು ಹೋಗೋ ದಾರೀಲಿ ಮೆಟ್ಟಿಲು ಸಿಗಲ್ಲ."

ಅಜ್ಜಿ ವೀಲ್‌ಚೇರಿನ ಹಿಡಿಯ ಮೇಲೆ ಕೈಯಿಟ್ಟರು. ತಳ್ಳಲಿಲ್ಲ, ಬರೀ ಇಟ್ಟುಕೊಂಡರು. ಗೆಳೆಯ ಏನೂ ಅನ್ನಲಿಲ್ಲ. ಮಗಳು ಎಡಕ್ಕೆ, ನಾನು ಬಸ್ಸುಗಳ ಕಡೆಗೆ. ಫುಟ್‌ಪಾತು ಪಕ್ಕದಲ್ಲೇ ಇತ್ತು, ನಾಲ್ವರೂ ರಸ್ತೆಯಲ್ಲಿ ನಡೆದೆವು.