ಮನೆಯಲ್ಲಿಲ್ಲದ ಭಾಷೆಯಲ್ಲಿ ಅಕ್ಷರಾಭ್ಯಾಸ

ಕೆನಡಾದ ಫ್ರೆಂಚ್ ಇಮ್ಮರ್ಶನ್ ತರಗತಿಗೆ ಸೇರಿದ ಮಗು ಮೊದಲ ದಿನಗಳಲ್ಲೇ ಬಾಯಿಪಾಠ ಮಾಡಿಕೊಳ್ಳುವ ಒಂದು ಉದ್ದನೆಯ ವಾಕ್ಯವಿದೆ: ‘ಎಸ್ ಕ ಜ ಪ ಆಲೇ ಓ ತ್ವಾಲೆತ್?’ ಟಾಯ್ಲೆಟ್‌ಗೆ ಹೋಗಲೇ ಎಂದು ಅದರ ಅರ್ಥ. ಅದರಲ್ಲಿ ಎಷ್ಟು ಪದಗಳಿವೆಯೋ ಮಗುವಿಗೆ ತಿಳಿಯದು. ಹಾಗೆಂದರೆ ಟೀಚರ್ ಹೂಂ ಎನ್ನುತ್ತಾರೆ ಎಂಬುದಷ್ಟೇ ಗೊತ್ತು. ಇಡೀ ಪದ್ಧತಿ ನಿಂತಿರುವುದು ಈ ಸಣ್ಣ ಗುಟ್ಟಿನ ಮೇಲೆ: ಕೆಲಸಕ್ಕೆ ಬಂದ ಮಾತು ನಾಲಿಗೆಯಲ್ಲಿ ಉಳಿಯುತ್ತದೆ. ಹಾಗಾಗಿ ಇಲ್ಲಿ ಲೆಕ್ಕ, ಚಿತ್ರ, ಹಾಡು, ಆಟ ಎಲ್ಲವೂ ಫ್ರೆಂಚಿನಲ್ಲೇ.

ಅಪ್ಪ ಅಮ್ಮಂದಿರ ಹಟ

ಮಾಂಟ್ರಿಯಲ್‌ನಿಂದ ಸೇಂಟ್ ಲಾರೆನ್ಸ್ ನದಿ ದಾಟಿದರೆ ಸಿಗುವ ಊರು ಸೇಂಟ್ ಲ್ಯಾಂಬರ್ಟ್. 1960ರ ದಶಕದಲ್ಲಿ ಅಲ್ಲಿನ ಇಂಗ್ಲಿಷ್ ಮನೆಗಳಲ್ಲಿ ಒಂದು ಕೊರಗಿತ್ತು. ಫ್ರೆಂಚರ ನಡುವೆಯೇ ಬೆಳೆದು, ಶಾಲೆಯಲ್ಲಿ ವರ್ಷಗಟ್ಟಲೆ ಫ್ರೆಂಚ್ ಓದಿದರೂ ನೆರೆಯವರೊಡನೆ ನಾಲ್ಕು ಮಾತಾಡಲು ಮಕ್ಕಳಿಗೆ ಬರುತ್ತಿರಲಿಲ್ಲ. ಓಲ್ಗಾ ಮೆಲಿಕಾಫ್ ಮೊದಲಾದ ಪೋಷಕರು ಶಾಲಾ ಮಂಡಳಿಯ ಬೆನ್ನುಬಿದ್ದರು. 1965ರ ಸೆಪ್ಟೆಂಬರ್‌ನಲ್ಲಿ ಫ್ರೆಂಚಿನಲ್ಲೇ ಕಲಿಸುವ ಪ್ರಾಯೋಗಿಕ ಕಿಂಡರ್‌ಗಾರ್ಟನ್ ಶುರುವಾಯಿತು. ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಆ ಮಕ್ಕಳ ಕಲಿಕೆಯನ್ನು ವರ್ಷವರ್ಷವೂ ಅಳೆದು ನೋಡಿದರು. 1969ರಲ್ಲಿ ಇಂಗ್ಲಿಷ್, ಫ್ರೆಂಚ್ ಎರಡಕ್ಕೂ ಸಮಾನ ಸ್ಥಾನ ಕೊಡುವ ಅಧಿಕೃತ ಭಾಷೆಗಳ ಕಾಯ್ದೆ ಬಂತು. ಪದ್ಧತಿ ದೇಶದುದ್ದಕ್ಕೂ ಹಬ್ಬಿತು.

ತರಗತಿಯ ಒಳಗೆ

ಟೀಚರ್‌ಗೆ ಇಂಗ್ಲಿಷ್ ಅರ್ಥವಾಗುತ್ತದೆ, ಆದರೆ ಆಡುವುದು ಫ್ರೆಂಚ್ ಮಾತ್ರ. ‘ಮಾಂತೋ’ ಎನ್ನುತ್ತಾ ತಮ್ಮ ಕೋಟನ್ನೇ ಎತ್ತಿ ತೋರಿಸುತ್ತಾರೆ. ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಗದರುವುದಿಲ್ಲ. ಅದೇ ಮಾತನ್ನು ಫ್ರೆಂಚಿಗೆ ತಿರುಗಿಸಿ ಹೇಳುತ್ತಾರೆ. ಕಿವಿ ಮೊದಲು ಪಳಗುತ್ತದೆ, ಬಾಯಿ ಆಮೇಲೆ.

ಓದು ಬರಹವೂ ಮೊದಲು ಫ್ರೆಂಚಿನಲ್ಲೇ. ಇಂಗ್ಲಿಷ್ ಪಾಠ ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ತರಗತಿಯೊಳಗೆ ಆರಂಭ. ಅಲ್ಲಿಯವರೆಗೆ ಮಗುವಿನ ಇಂಗ್ಲಿಷ್ ಕಾಗುಣಿತ ಹಿಂದೆ ಬಿದ್ದಿರುತ್ತದೆ, ಹೆತ್ತವರಿಗೆ ಎದೆ ಢವಗುಟ್ಟುತ್ತದೆ. ಪಾಠ ಶುರುವಾದ ಮೇಲೆ ಸುಮಾರು ಒಂದು ವರ್ಷದಲ್ಲಿ ಹೆಚ್ಚಿನ ಮಕ್ಕಳು ಸರಿದೂಗಿಸಿಕೊಳ್ಳುತ್ತಾರೆ ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ.

ಕೊರತೆ ಇರುವುದು ಬೇರೆ ಕಡೆ. ಕೇಳಿ ತಿಳಿಯುವುದರಲ್ಲಿ ಫ್ರೆಂಚ್ ಮನೆಯ ಮಕ್ಕಳ ಹತ್ತಿರಕ್ಕೆ ಬರುವ ಇವರು ಮಾತಿನಲ್ಲಿ ತಡವರಿಸುತ್ತಾರೆ. ಫ್ರೆಂಚರು ‘ನಾನು ಆರು ವರ್ಷ ಹೊಂದಿದ್ದೇನೆ’ ಎಂಬ ರೀತಿಯಲ್ಲಿ ವಯಸ್ಸು ಹೇಳುತ್ತಾರೆ. ಇಂಗ್ಲಿಷಿನ ಅಚ್ಚಿನಲ್ಲಿ ಯೋಚಿಸುವ ಮಗು ‘ನಾನು ಆರು ವರ್ಷ ಆಗಿದ್ದೇನೆ’ ಎಂಬಂತೆ ಹೇಳಿಬಿಡುತ್ತದೆ. ಬರಿದೇ ಕೇಳಿಸಿಕೊಂಡರೆ ಸಾಲದು, ತಿಣುಕಿಯಾದರೂ ಮಾತಾಡಬೇಕು ಎಂದು 1985ರಲ್ಲಿ ವಾದಿಸಿದ ಮೆರಿಲ್ ಸ್ವೇನ್ ಎಂಬ ಭಾಷಾ ವಿದುಷಿ ಇಂಥ ತರಗತಿಗಳನ್ನೇ ನೋಡಿ ಆ ಮಾತಿಗೆ ಬಂದವರು.

ಕೂಡಿಸುವುದೋ, ಕಳೆಯುವುದೋ

ಲ್ಯಾಂಬರ್ಟ್ ಎರಡು ಬಗೆಯ ದ್ವಿಭಾಷಿಕತೆಯನ್ನು ಗುರುತಿಸಿದರು: ಇದ್ದ ಭಾಷೆಗೆ ಇನ್ನೊಂದನ್ನು ಕೂಡಿಸುವುದು ಒಂದು, ಇದ್ದುದನ್ನು ಕಳೆದು ಹೊಸದನ್ನು ತರುವುದು ಇನ್ನೊಂದು. ಸೇಂಟ್ ಲ್ಯಾಂಬರ್ಟ್‌ನ ಮಗುವಿಗೆ ಮನೆ, ಟಿವಿ, ಸ್ನೇಹಿತರು ಎಲ್ಲ ಕಡೆ ಇಂಗ್ಲಿಷೇ. ಫ್ರೆಂಚ್ ಬಂದರೂ ಅದಕ್ಕೆ ಧಕ್ಕೆಯಿಲ್ಲ.

ಟೊರಾಂಟೊದ ಕನ್ನಡ ಮನೆಯ ಮಗುವಿನ ಲೆಕ್ಕ ಬೇರೆ. ಫ್ರೆಂಚಿಗೆ ಶಾಲೆಯಿದೆ, ಇಂಗ್ಲಿಷಿಗೆ ಊರಿಗೆ ಊರೇ ಇದೆ, ಕನ್ನಡಕ್ಕೆ ಇರುವುದು ಅಡುಗೆಮನೆ, ಊಟದ ಮೇಜು, ಅಜ್ಜಿಯ ವಿಡಿಯೊ ಕಾಲ್. ‘ನಮಗೇ ಫ್ರೆಂಚ್ ಬರಲ್ಲ, ಹೋಂವರ್ಕ್ ಮಾಡಿಸೋದು ಯಾರು?’ ಎಂದು ಹೆತ್ತವರು ಅಳುಕುತ್ತಾರೆ. ಫ್ರೆಂಚ್ ಬಾರದ ಮನೆಗಳಿಗೆಂದೇ ಹುಟ್ಟಿದ ಪದ್ಧತಿಯಿದು, ಆ ಅಳುಕು ಬೇಡ. ಭಾರ ಹೆಚ್ಚಾಯಿತೆಂದು ಕನ್ನಡವನ್ನು ಕೈಬಿಟ್ಟರೆ ಮಾತ್ರ ಕಳೆಯುವ ಲೆಕ್ಕ ಶುರುವಾಗುತ್ತದೆ.

ಚಿಟ್ಟೆಯ ಬದುಕನ್ನು ಫ್ರೆಂಚಿನಲ್ಲಿ ಕಲಿತ ಮಗು ಸಂಜೆ ಅದನ್ನು ಕನ್ನಡದಲ್ಲಿ ಅಜ್ಜಿಗೆ ಹೇಳಲಿ. ಅರಿವು ಎರಡು ಸಲ ಗಟ್ಟಿಯಾಗುತ್ತದೆ. ನಡುವೆ ಅಜ್ಜಿ, ‘ಪುಟ್ಟಾ, ನಿಂಗೀಗ ಎಷ್ಟು ವರ್ಷ?’ ಎಂದು ಕೇಳಿದರೆ ಹೊಂದುವುದೂ ಬೇಡ, ಆಗುವುದೂ ಬೇಡ. ‘ನಂಗೆ ಆರು’ ಎಂದರಾಯಿತು.