ಮೂಗಿನ ಸೌಂದರ್ಯ ಶಸ್ತ್ರಚಿಕಿತ್ಸೆ: ನಿಮ್ಮ ದೇಹ ಅದಕ್ಕೆ ಸಿದ್ಧವಿದೆಯೇ?

ಮೂಗಿನ ಮೇಲಿನ ಉಬ್ಬು ತೆಗೆಯಲು, ತುದಿಯನ್ನು ತಿದ್ದಲು ಅಥವಾ ಹೊಳ್ಳೆಗಳನ್ನು ಕಿರಿದಾಗಿಸಲು ಮಾಡುವ ಶಸ್ತ್ರಚಿಕಿತ್ಸೆಯೇ ರೈನೋಪ್ಲಾಸ್ಟಿ. ಇದರ ಬಗ್ಗೆ ವಿಚಾರಿಸುವ ಹೆಚ್ಚಿನವರ ಮೊದಲ ಪ್ರಶ್ನೆ, "ಮೂಗು ಹೇಗೆ ಕಾಣುತ್ತದೆ?" ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, "ನನ್ನ ಆರೋಗ್ಯ ಇದಕ್ಕೆ ಸರಿಯಾಗಿದೆಯೇ?" ಎಂಬುದು.

ಅಪೆಂಡಿಕ್ಸ್ ಒಡೆಯುವ ಸ್ಥಿತಿಯಲ್ಲಿದ್ದರೆ, ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೂ ಆಪರೇಷನ್ ಮಾಡಲೇಬೇಕಾಗುತ್ತದೆ. ಮೂಗಿನ ಅಂದಕ್ಕೆ ಅಂಥ ಅವಸರವಿಲ್ಲ. ಕೆಲವು ವಾರ ಅಥವಾ ತಿಂಗಳು ಕಾಯ್ದರೆ ಹೆಚ್ಚಿನವರಿಗೆ ನಷ್ಟವೇನೂ ಆಗುವುದಿಲ್ಲ. ಆದ್ದರಿಂದ ಇಲ್ಲಿ ತಡೆಯಬಹುದಾದ ಅಪಾಯವನ್ನು ಮೊದಲೇ ತಡೆಯಬೇಕು.

ವಯಸ್ಸು

ಮೂಗಿನ ಬೆಳವಣಿಗೆ ಮುಗಿದ ಮೇಲೆಯೇ ಅದರ ಆಕಾರ ತಿದ್ದುವುದು ವಾಡಿಕೆ. ಸಾಮಾನ್ಯವಾಗಿ ಹುಡುಗಿಯರಲ್ಲಿ 15–16ರ ಹೊತ್ತಿಗೆ, ಹುಡುಗರಲ್ಲಿ 17–18ರ ಹೊತ್ತಿಗೆ ಬೆಳವಣಿಗೆ ಮುಗಿಯುತ್ತದೆ. ಮಗ ಅಥವಾ ಮಗಳು ಹಟ ಹಿಡಿದಿದ್ದರೆ, ಅದು ಅವರದೇ ಬಯಕೆಯೇ ಅಥವಾ ಬೇರೆಯವರ ಗೇಲಿಯಿಂದ ಬಂದದ್ದೇ ಎಂದು ಸಮಾಧಾನವಾಗಿ ಕೇಳಿ.

ನೀವು ಸೇವಿಸುವ ಔಷಧಗಳು

ಮೂಗಿನಲ್ಲಿ ರಕ್ತನಾಳಗಳು ಹೇರಳವಾಗಿವೆ. ಆಸ್ಪಿರಿನ್, ಐಬುಪ್ರೊಫೇನ್, ಕ್ಲೊಪಿಡೊಗ್ರೆಲ್‌ನಂಥ ಔಷಧಗಳು ರಕ್ತಸ್ರಾವ ಹೆಚ್ಚಿಸಬಹುದು. ವಿಟಮಿನ್ ಇ, ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್‌ಗಳನ್ನೂ ವೈದ್ಯರ ಗಮನಕ್ಕೆ ತನ್ನಿ. "ಇದು ಆಯುರ್ವೇದ, ಇದನ್ನೇನು ಹೇಳುವುದು" ಎಂದು ಬಿಡಬೇಡಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಅಥವಾ ತೂಕ ಇಳಿಸಲು ಸೆಮಾಗ್ಲುಟೈಡ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ. ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳ ಫೋಟೊ ತೆಗೆದುಕೊಂಡು ಹೋಗುವುದು ಸುಲಭದ ದಾರಿ.

ಒಂದು ಎಚ್ಚರಿಕೆ: ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅಥವಾ ಪಾರ್ಶ್ವವಾಯು ಆದವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಅದನ್ನು ಬರೆದುಕೊಟ್ಟ ವೈದ್ಯರೂ ಸರ್ಜನ್ನರೂ ಸೇರಿ ನಿರ್ಧರಿಸಬೇಕು.

ತಂಬಾಕು

ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ರಕ್ತ ಸರಿಯಾಗಿ ತಲುಪದ ಚರ್ಮ ಮತ್ತು ಮೃದ್ವಸ್ಥಿ ನಿಧಾನವಾಗಿ ಮಾಯುತ್ತವೆ, ಸೋಂಕಿನ ಸಾಧ್ಯತೆಯೂ ಹೆಚ್ಚುತ್ತದೆ. ಶಸ್ತ್ರಚಿಕಿತ್ಸೆಗೆ ಕನಿಷ್ಠ 4 ವಾರ ಮುಂಚೆಯೇ ನಿಲ್ಲಿಸಿ, ನಂತರವೂ ಕೆಲವು ವಾರ ದೂರವಿರಿ ಎಂದು ಸರ್ಜನ್ನರು ಸಾಮಾನ್ಯವಾಗಿ ಹೇಳುತ್ತಾರೆ. ಸಿಗರೇಟು, ಬೀಡಿ ಮಾತ್ರವಲ್ಲ, ಗುಟ್ಕಾ, ಖೈನಿ, ಹುಕ್ಕಾ, ನಶ್ಯ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಮನೆಯವರ ಮುಂದೆ ಹೇಳಲು ಸಂಕೋಚವಾದರೆ ವೈದ್ಯರೊಂದಿಗೆ ಒಬ್ಬರೇ ಮಾತಾಡಿ.

ಹಳೆಯ ಕಾಯಿಲೆಗಳು

ಮಧುಮೇಹ, ರಕ್ತದೊತ್ತಡ, ಆಸ್ತಮಾ, ಥೈರಾಯ್ಡ್ ಇದ್ದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ ಎಂದಲ್ಲ. ಅವು ಹತೋಟಿಯಲ್ಲಿರಬೇಕು, ಅಷ್ಟೇ. ಹಲ್ಲು ಕೀಳಿಸಿದಾಗ ಬಹಳ ಹೊತ್ತು ರಕ್ತ ನಿಲ್ಲದಿದ್ದರೆ, ಮುಟ್ಟಿನಲ್ಲಿ ವಿಪರೀತ ಸ್ರಾವವಿದ್ದರೆ, ಮನೆತನದಲ್ಲಿ ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದರೆ ಮೊದಲೇ ಹೇಳಿ. ಜೋರಾದ ಗೊರಕೆ, ನಿದ್ದೆಯಲ್ಲಿ ಉಸಿರು ನಿಂತಂತಾಗುವುದು ಅರಿವಳಿಕೆ ತಜ್ಞರಿಗೆ ಮುಖ್ಯವಾದ ಮಾಹಿತಿ. ಗರ್ಭಿಣಿಯಾಗಿದ್ದರೆ ಈ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಾರೆ.

ಮೂಗಿನ ಒಳಗು

ಅಲರ್ಜಿ, ಸೈನಸ್ ಸೋಂಕು, ಮೂಗಿನ ನಡುಗೋಡೆ ವಾಲಿರುವುದು ಇದ್ದರೆ ಮೊದಲೇ ಪರೀಕ್ಷಿಸಬೇಕು. ಹೊರಗಿನ ಆಕಾರ ಸುಂದರವಾಗಿ ಉಸಿರಾಟ ಕಷ್ಟವಾದರೆ ಏನು ಪ್ರಯೋಜನ? ಮೂಗು ಕಟ್ಟಿದೆಯೆಂದು ತಿಂಗಳುಗಟ್ಟಲೆ ಡ್ರಾಪ್ಸ್ ಹಾಕುವ ಅಭ್ಯಾಸ ಮೂಗಿನ ಒಳಪದರಕ್ಕೇ ತೊಂದರೆ ಮಾಡುತ್ತದೆ, ಅದನ್ನು ಮುಚ್ಚಿಡಬೇಡಿ. ಹಿಂದೆ ಮೂಗಿಗೆ ಪೆಟ್ಟು ಬಿದ್ದಿದ್ದರೆ ಅಥವಾ ಊರಿನಲ್ಲಿ ಆಪರೇಷನ್ ಆಗಿದ್ದರೆ ಆ ಕಾಗದಪತ್ರಗಳನ್ನು ತರಿಸಿಕೊಳ್ಳಿ. ಮೂಗುತಿ ಚುಚ್ಚಿದ ಜಾಗದಲ್ಲಿ ಗಂಟು ಬೆಳೆದಿದ್ದರೆ ತೋರಿಸಿ. ಗಾಯದ ಗುರುತು ಅತಿಯಾಗಿ ಬೆಳೆಯುವ ಚರ್ಮದ ಸೂಚನೆ ಅದಾಗಿರಬಹುದು.

ಮನಸ್ಸು

ಬೇರೆಯವರ ಕಣ್ಣಿಗೆ ಬೀಳದ ಸಣ್ಣ ದೋಷಕ್ಕಾಗಿ ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ನೋಡುವುದು, ಜನರೆದುರು ಹೋಗಲು ಹಿಂಜರಿಯುವುದು ಒಂದು ಮಾನಸಿಕ ತೊಂದರೆಯ ಲಕ್ಷಣವಾಗಿರಬಹುದು. ಇಂಥವರಿಗೆ ಶಸ್ತ್ರಚಿಕಿತ್ಸೆಯಿಂದ ಸಮಾಧಾನ ಸಿಗುವುದು ಅಪರೂಪ, ಆದರೆ ಮನೋವೈದ್ಯರ ಚಿಕಿತ್ಸೆಯಿಂದ ನೆರವು ಸಿಗುತ್ತದೆ. ಸರ್ಜನ್ ಆಪ್ತಸಲಹೆಗೆ ಕಳಿಸಿದರೆ ಅದನ್ನು ಅವಮಾನ ಎಂದುಕೊಳ್ಳಬೇಡಿ.

ಮದುವೆಗೆ ಮುಂಚೆ ಮುಗಿಸಬೇಕು ಎನ್ನುವವರು ಇದನ್ನು ತಿಳಿದಿರಲಿ: ಮೂಗಿನ ಮೇಲಿನ ಪಟ್ಟಿಯನ್ನು ಸುಮಾರು ಒಂದು ವಾರದಲ್ಲಿ ತೆಗೆಯುತ್ತಾರೆ. ಕಣ್ಣಿನ ಸುತ್ತಲಿನ ಕಪ್ಪು ಹೆಚ್ಚಿನವರಲ್ಲಿ ಎರಡು ವಾರದಲ್ಲಿ ಕಡಿಮೆಯಾಗುತ್ತದೆ. ಆದರೆ ಊತ ಪೂರ್ತಿ ಇಳಿದು ಮೂಗಿನ ನಿಜವಾದ ಆಕಾರ ಕಾಣಲು ಒಂದು ವರ್ಷ ಬೇಕಾಗಬಹುದು.

ಅರಿವಳಿಕೆಗೆ ಮುನ್ನ

ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟುವ ಸಮಯ, ಸಕ್ಕರೆ, ಬೇಕಿದ್ದರೆ ಇಸಿಜಿ ಪರೀಕ್ಷೆಗಳನ್ನು ವಯಸ್ಸು ಮತ್ತು ಕಾಯಿಲೆ ನೋಡಿ ಹೇಳುತ್ತಾರೆ. ಸಾಮಾನ್ಯವಾಗಿ ಆಪರೇಷನ್‌ಗೆ 6 ಗಂಟೆ ಮೊದಲು ಲಘು ಆಹಾರವನ್ನೂ 2 ಗಂಟೆ ಮೊದಲು ನೀರನ್ನೂ ನಿಲ್ಲಿಸಬೇಕು. ಎಣ್ಣೆ, ತುಪ್ಪದ ಊಟಕ್ಕೆ ಇನ್ನೂ ಹೆಚ್ಚು ಅಂತರ ಬೇಕು. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ನಿಮಗೆ ಕೊಟ್ಟ ಸೂಚನೆಯನ್ನೇ ಪಾಲಿಸಿ. ಮೂಗುತಿಯನ್ನು ಮನೆಯಲ್ಲೇ ತೆಗೆದಿಟ್ಟು ಹೋಗಿ.

ಜೊತೆಗಿರುವವರಿಗೆ

ಪಿಜಿಯಲ್ಲಿ ಒಬ್ಬರೇ ಇರುವವರು ಮೊದಲ ಒಂದೆರಡು ದಿನ ಜೊತೆಗಿರಲು ಮನೆಯವರನ್ನೋ ಸ್ನೇಹಿತರನ್ನೋ ಕರೆಸಿಕೊಳ್ಳಿ. ಸ್ವಲ್ಪ ರಕ್ತಮಿಶ್ರಿತ ಸೋರಿಕೆ ಸಹಜ. ರಕ್ತ ನಿಲ್ಲದೆ ಹರಿದರೆ, ಜ್ವರ ಬಂದರೆ, ನೋವು ಒಮ್ಮೆಲೇ ಹೆಚ್ಚಿದರೆ, ದೃಷ್ಟಿ ಮಂಜಾದರೆ, ನೀರಿನಂಥ ತಿಳಿ ದ್ರವ ಸುರಿಯುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ವೈದ್ಯರು "ಈಗ ಬೇಡ" ಎಂದರೆ

ಹಾಗೆಂದರೆ "ಎಂದಿಗೂ ಬೇಡ" ಎಂದಲ್ಲ. ಏನು ಸರಿಹೋಗಬೇಕು, ಎಷ್ಟು ದಿನ ಬೇಕು, ಮತ್ತೆ ಯಾವಾಗ ಬರಬೇಕು ಎಂದು ಕೇಳಿ ಬರೆದುಕೊಳ್ಳಿ. ಏನನ್ನೂ ವಿಚಾರಿಸದೆ ನಾಳೆಯೇ ಮಾಡುತ್ತೇವೆ ಎನ್ನುವ ಕಡೆ ಮಾತ್ರ ಇನ್ನೊಮ್ಮೆ ಯೋಚಿಸಿ.